ಒಬ್ಬ ಬಿದ್ದರೆ ಸೊನ್ನೆ

ಜೂನ್ 9

ಮಾವನಿಗೆ,

ಫೋನ್ ಮಾಡಿದರೆ ನಿಮ್ಮ ಕಿವಿಗೆ ಅರ್ಧ ಮಾತು ಬೀಳುವುದಿಲ್ಲ. ಬಿದ್ದ ಅರ್ಧಕ್ಕೆ ನಾನು ಮುಗಿಸುವ ಮೊದಲೇ ಉತ್ತರ ಕೊಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದಿ.

ಮೇ 21ರ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ನಮ್ಮ ಅಗ್ನಿಶಾಮಕ ಠಾಣೆಗೆ ಕರೆ ಬಂತು. ಕುರ್ಚಿ, ಸೋಫಾ ತುಂಬಿಟ್ಟ ಗೋದಾಮು. ನಾಲ್ವರು ಹೋದೆವು: ಉದ್ದಣ್ಣ, ಮೇಷ್ಟ್ರು, ಡ್ರೈವರ್, ನಾನು. ಮುಂಬಾಗಿಲಿನಿಂದ ಕಪ್ಪು ಹೊಗೆ ಬರುತ್ತಿತ್ತು, ಸೂರು ಇನ್ನೂ ಗಟ್ಟಿಯಾಗಿತ್ತು. ಆ ಬಾಗಿಲಲ್ಲಿ ನಾವು ಆರು ನಿಮಿಷ ನಿಂತೆವು. ಆಮೇಲೆ ಒಳಗೆ ಹೋದಾಗ, ಸೋಫಾಗಳಿಗೆ ಮೆತ್ತೆ ಹೊಲಿಯುವಾತ ಸಿಕ್ಕಿದ. ಊಟ ಮುಗಿಸಿ ಹಿಂದಿನ ಕೋಣೆಯಲ್ಲಿ ಮಲಗಿದ್ದವನು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅರ್ಧ ದಾರಿ ತೆವಳಿ ಬಂದಿದ್ದ. ಉಳಿಯಲಿಲ್ಲ. ಎರಡು ನಿಮಿಷ ಮುಂಚೆ ತಂದಿದ್ದರೆ ಉಳಿಯುತ್ತಿದ್ದ ಎಂದು ವೈದ್ಯರು ನನ್ನ ಮುಖ ನೋಡದೆ ಹೇಳಿದರು.

ಆರು ನಿಮಿಷ ಯಾಕೆ ನಿಂತಿರಿ ಎಂದು ವಿಚಾರಣಾ ಸಮಿತಿ ಕೇಳುತ್ತಿದೆ. ಉತ್ತರ ನನಗೆ ಗೊತ್ತು. ನಿಮ್ಮ ಆಟದಿಂದ.

ಹನ್ನೊಂದು ವರ್ಷದ ಹಿಂದೆ ನೀವು ಬರೆದ ಹೊಗೆ ಆಟವನ್ನು ಎರಡು ವರ್ಷದಿಂದ ಪ್ರತಿ ಮಂಗಳವಾರ ನಮ್ಮ ಊಟದ ಮೇಜಿನ ಮೇಲೆ ಆಡಿಸುತ್ತೇನೆ. ಸಮಿತಿಗೆ ಅದನ್ನು ಹೀಗೆ ವಿವರಿಸಿ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ. ಚೌಕ ಹಾಕಿದ ಕಾಗದದ ಮೇಲೆ ಒಂದು ಕಟ್ಟಡದ ನಕ್ಷೆ. ಒಬ್ಬರು ನಿರೂಪಕರು, ಹೊಗೆ ಎಲ್ಲಿದೆ, ಏನು ಕಾಣುತ್ತದೆ ಎಂದು ಅವರು ಹೇಳುತ್ತ ಹೋಗುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ: ನಾಯಕ, ಪೈಪು ಹಿಡಿಯುವವನು, ಒಳಗೆ ಹೋಗುವವನು. ಪ್ರತಿ ಪಾತ್ರದ ಚೀಟಿಯಲ್ಲಿ ಇಪ್ಪತ್ತು ಉಸಿರು. ಹೊಗೆಯಲ್ಲಿ ಒಂದು ಚೌಕ ನಡೆದರೆ ಒಂದು ಉಸಿರು ಖರ್ಚು. ಸೂರು, ಗೋಡೆ, ಮೆಟ್ಟಿಲು ನಿಲ್ಲುತ್ತವೋ ಬೀಳುತ್ತವೋ ಎಂಬುದಕ್ಕೆ ದಾಳ. ಸಿಕ್ಕಿಬಿದ್ದವರಿರುವ ಚೌಕದಲ್ಲಿ ಒಂದು ಅಂಗಿ ಗುಂಡಿ. ಗುಂಡಿ ಹೊರಗೆ ತಂದರೆ ಐದು ಅಂಕ. ತಂಡದಲ್ಲಿ ಒಬ್ಬ ಬಿದ್ದರೆ ಎಲ್ಲರಿಗೂ ಸೊನ್ನೆ, ಆಟ ಮುಗಿಯಿತು.

ನಿಮ್ಮ ಪುಸ್ತಕದಲ್ಲಿ ಉಸಿರಿಗೆ ಹನ್ನೊಂದು ಪುಟ ಇದೆ, ಗುಂಡಿಗೆ ಒಂದೂವರೆ ಸಾಲು. ಹುಡುಗರು ಆ ಅಳತೆಯಲ್ಲೇ ಆಡಲು ಕಲಿತರು. ಮೂಲೆಯಿಂದ ಮೂಲೆಗೆ ನಡೆದರೆ ಒಂದು ಉಸಿರೋ ಎರಡೋ ಎಂದು ಅರ್ಧ ಗಂಟೆ ಜಗಳ ಆಡುತ್ತಾರೆ. ಗುಂಡಿ ಯಾರದು ಎಂದು ಒಬ್ಬನೂ ಕೇಳಿದ್ದಿಲ್ಲ. ಉದ್ದಣ್ಣ ಯಾವಾಗಲೂ ಪೈಪಿನ ಪಾತ್ರವನ್ನೇ ತೆಗೆದುಕೊಳ್ಳುತ್ತಾನೆ, ಯಾಕೆಂದರೆ ಬಾಗಿಲಲ್ಲಿ ನಿಂತರೆ ಉಸಿರು ಖರ್ಚಾಗುವುದಿಲ್ಲ. ಆ ದಿನ ನಿಜವಾದ ಬಾಗಿಲಲ್ಲಿ ನಿಂತು ಅವನು ಹೇಳಿದ್ದೇನು ಗೊತ್ತೇ? "ಮೇಡಂ, ಒಬ್ಬ ಬಿದ್ರೆ ಸೊನ್ನೆ ಅಲ್ವಾ?" ನಗಲಿಕ್ಕೆ ಹೇಳಿದ್ದಲ್ಲ.

ಆ ನಿಯಮವನ್ನು ತೆಗೆಯಿರಿ. ಬರೆದವರು ನೀವು, ತೆಗೆಯಬೇಕಾದವರೂ ನೀವೇ. ನಾಲ್ಕು ವರ್ಷದ ಹಿಂದೆ ನಿವೃತ್ತರಾದರೂ ಎಲ್ಲ ಠಾಣೆಗಳಲ್ಲಿ ನಿಮ್ಮ ಮಾತೇ ನಡೆಯುವುದು.

ಅಮ್ಮ ಚೆನ್ನಾಗಿದ್ದಾಳೆ. ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗಿಬರುತ್ತಾಳೆ. ಈ ವಿಷಯ ಅವಳಿಗೆ ಹೇಳಿಲ್ಲ.

ನಿಮ್ಮ ಸೋದರಸೊಸೆ

*

ಜೂನ್ 15

ಗುಬ್ಬೀ,

ಕಾಗದ ಎರಡು ಸಲ ಓದಿದೆ. ಕಿವಿ ಹೋಗಿರಬಹುದು, ಕಣ್ಣು ಇದೆ.

ಆಟಕ್ಕೆ ಕೈಕಾಲಿಲ್ಲ. ಅದು ಯಾರನ್ನೂ ಬಾಗಿಲಲ್ಲಿ ಹಿಡಿದು ನಿಲ್ಲಿಸುವುದಿಲ್ಲ. ಹನ್ನೊಂದು ವರ್ಷದಿಂದ ಒಂಬತ್ತು ಠಾಣೆಗಳಲ್ಲಿ ಆಡುತ್ತಿದ್ದಾರೆ. ಈ ಹನ್ನೊಂದು ವರ್ಷದಲ್ಲಿ ಆ ಒಂಬತ್ತು ಠಾಣೆಗಳಿಂದ ಒಬ್ಬ ಸಿಬ್ಬಂದಿಯ ಹೆಣವೂ ಎದ್ದಿಲ್ಲ. ಅದಕ್ಕೂ ಹಿಂದಿನ ಹನ್ನೊಂದು ವರ್ಷದಲ್ಲಿ ಏಳು. ಆ ಏಳು ಮನೆಗಳಿಗೂ ನಾನು ಹೋಗಿದ್ದೇನೆ. ನೀನು ಹೋಗಿಲ್ಲ.

ಹೌದು, ಹುಡುಗರು ಉಸಿರು ಎಣಿಸುತ್ತಾರೆ. ಎಣಿಸಲಿ ಅಂತಲೇ ಬರೆದದ್ದು. ಇಪ್ಪತ್ತೆರಡು ವರ್ಷದ ಹುಡುಗನಿಗೆ ಧೈರ್ಯ ಕಲಿಸಬೇಕಾಗಿಲ್ಲ, ಹೆಲ್ಮೆಟ್ ಹಾಕಿದ ಕೂಡಲೇ ತಲೆಗೇರಿರುತ್ತದೆ. ಅವನಿಗೆ ಕಲಿಸಬೇಕಾದ್ದು ಬೆನ್ನಿನ ಗಾಳಿ ಸಿಲಿಂಡರಿನ ಮುಳ್ಳು ನೋಡುವುದನ್ನು. ಗುಂಡಿಗೆ ಒಂದೂವರೆ ಸಾಲು ಸಾಕು.

ನಿನ್ನ ಕಾಗದದಲ್ಲಿ ಒಂದು ಮಾತು ಎಲ್ಲೂ ಇಲ್ಲ. ಉದ್ದಣ್ಣ ಏನಂದ ಅಂತ ಇದೆ, ವೈದ್ಯರು ಏನಂದರು ಅಂತ ಇದೆ. ಬಾಗಿಲಲ್ಲಿ ನಿಲ್ಲಿ ಅಂತ ಅಪ್ಪಣೆ ಕೊಟ್ಟವರು ಯಾರು? ಠಾಣೆಗೆ ಅಧಿಕಾರಿ ಇದ್ದಾರೆ ಅಂದುಕೊಂಡಿದ್ದೇನೆ.

ನಿಯಮ ತೆಗೆಯುವುದಿಲ್ಲ.

ಮಾವ

*

ಜೂನ್ 26

ಮಾವನಿಗೆ,

ತೆಗೆಯುವುದಿಲ್ಲವೆಂದರೆ ಬೇಡ. ನಾನೇ ತೆಗೆದೆ.

ಕಳೆದ ಎರಡು ಮಂಗಳವಾರ ನನ್ನ ನಿಯಮಗಳಲ್ಲಿ ಆಡಿದೆವು. ಸೊನ್ನೆ ಇಲ್ಲ. ಗುಂಡಿಯೂ ಇಲ್ಲ. ಗುಂಡಿಯ ಜಾಗದಲ್ಲಿ ಒಬ್ಬ ಆಟಗಾರ. ಅವನಿಗೂ ಒಂದು ಚೀಟಿ, ಎಂಟು ಉಸಿರು, ಅವನಿಗೂ ಸರದಿ. ತನ್ನ ಸರದಿಯಲ್ಲಿ ಅವನು ಕೂಗಬಹುದು, ಗೋಡೆ ತಟ್ಟಬಹುದು, ತೆವಳಬಹುದು, ಸುಮ್ಮನೆ ಬಿದ್ದಿರಬಹುದು.

ಮೊದಲ ದಿನ ಮೇಷ್ಟ್ರು ಸಿಕ್ಕಿಬಿದ್ದವನಾದರು. ಅವರು ನೌಕರಿಗೆ ಸೇರುವ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಪಾತ್ರ ಅಂದರೆ ಉತ್ಸಾಹ ಒಂದು ಕೈ ಜಾಸ್ತಿ. "ನಾನು ಗಡಿಯಾರ ರಿಪೇರಿ ಮಾಡೋನು. ಕಾಲು ಸ್ವಲ್ಪ ಎಳೀತೀನಿ. ಕನ್ನಡಕ ಎಲ್ಲೋ ಬಿದ್ದೋಯ್ತು, ಹುಡುಕ್ತಾ ಇದೀನಿ" ಅಂದರು. ಎಲ್ಲರೂ ನಕ್ಕರು. ಎರಡನೆಯ ಸರದಿಗೆ ಮೇಷ್ಟ್ರು ಮೇಜನ್ನು ಮೂರು ಸಲ ತಟ್ಟಿದರು. ಮೂರನೆಯ ಸರದಿಗೆ ಎರಡೇ ಸಲ. ನಗು ನಿಂತಿತು.

ಉದ್ದಣ್ಣ ಪೈಪು ಕೆಳಗಿಟ್ಟ. ಎರಡು ವರ್ಷದಲ್ಲಿ ಮೊದಲ ಸಲ. "ಸಾರ್, ನಿಮ್ಮ ಪಕ್ಕದ ಗೋಡೆ ಬಿಸಿ ಇದೆಯಾ?" ಅಂತ ಕೇಳಿದ. "ಇದೆ ಕಣಪ್ಪ, ಎಡಗಡೇದು" ಅಂದರು ಮೇಷ್ಟ್ರು. "ಕಿಟಕಿ ಇದೆಯಾ?" "ಇದೆ, ಕೈಗೆ ಎಟುಕ್ತಿಲ್ಲ." ಮೂಲೆಯಿಂದ ಮೂಲೆಗೆ ಎಷ್ಟು ಉಸಿರು ಅನ್ನುವ ಜಗಳ ಆ ದಿನ ಬರಲೇ ಇಲ್ಲ. ಅವೇ ಮುಖಗಳು, ಅದೇ ಮೇಜು, ಅದೇ ದಾಳ. ಬದಲಾದದ್ದು ಅರ್ಧ ಪುಟ ನಿಯಮ. ನನ್ನ ಹುಡುಗರು ಹೇಡಿಗಳಲ್ಲ ಮಾವ, ಅವರ ಕೈಗೆ ಹೇಡಿಯ ಆಟ ಕೊಟ್ಟಿದ್ದಿರಿ.

ನಿಯಮಗಳ ಹಾಳೆ ಇದರ ಜೊತೆಗಿದೆ. ಒಂದನ್ನು ಮುಖ್ಯಾಧಿಕಾರಿಗಳಿಗೂ ಕೊಟ್ಟಿದ್ದೇನೆ.

ಅಪ್ಪಣೆಯ ವಿಷಯ ಸಮಿತಿ ನೋಡಿಕೊಳ್ಳುತ್ತದೆ. ನೀವು ಸಮಿತಿಯಲ್ಲಿಲ್ಲ.

ಸೊಸೆ

*

ಜೂನ್ 30

ಠಾಣಾಧಿಕಾರಿಯವರಿಗೆ,

ನಿಮ್ಮ ಹಾಳೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದೇನೆ. ತಿದ್ದುವಂಥದ್ದು ಜಾಸ್ತಿ ಇತ್ತು.

ಆ ಮಂಗಳವಾರದ ಆಟ ಹೇಗೆ ಮುಗಿಯಿತು ಎಂದು ನೀನು ಬರೆದಿಲ್ಲ. ನಾನು ನಿನ್ನ ಡ್ರೈವರಿಗೆ ಫೋನ್ ಮಾಡಿಸಿ ಕೇಳಿದೆ. ಉದ್ದಣ್ಣ ಏಳೇ ಉಸಿರು ಉಳಿದಿರುವಾಗ ಇನ್ನೂ ಒಳಗೆ ನುಗ್ಗಿದ, ಸೂರು ಬಿತ್ತು. ಅವನನ್ನು ಎಳೆಯಲು ಡ್ರೈವರ್ ಹೋದ, ಅವನೂ ಬಿದ್ದ. ನಿನ್ನ ಗಡಿಯಾರದವನೂ ಉಳಿಯಲಿಲ್ಲ. ಮೂರು ಹೆಣ. ನೀನು ಠಾಣೆ ನಡೆಸುತ್ತಿದ್ದೀಯೋ ನಾಟಕ ಕಂಪನಿಯೋ?

ಗುಂಡಿಗೆ ನಾನು ಬಾಯಿ ಕೊಡಲಿಲ್ಲ, ಅದು ಮರೆವಿನಿಂದ ಅಲ್ಲ. ಬಾಯಿ ಕೊಟ್ಟ ತಕ್ಷಣ ಹುಡುಗರು ಧ್ವನಿಯ ಕಡೆಗೆ ಓಡುತ್ತಾರೆ. ಮೇಜಿನ ಮೇಲೆ ಓಡಿದವನು ಬೀದಿಯಲ್ಲೂ ಓಡುತ್ತಾನೆ. ಅದು ನಿನ್ನದೇ ವಾದ, ನನಗೆ ಹೇಳಿಕೊಡಬೇಡ. ಒಳಗೆ ಜನ ಇದ್ದಾರೆ ಎಂದು ಬೀದಿಯೆಲ್ಲ ಕೂಗುತ್ತಿದ್ದ ಎಷ್ಟೋ ಮನೆಗಳು ಖಾಲಿ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಖ್ಯಾಧಿಕಾರಿಗಳಿಗೆ ನಾನೂ ಬರೆದಿದ್ದೇನೆ. ಈ ಹಾಳೆಯಿಂದ ಆಡಿಸುವವರ ಕೈಯಲ್ಲಿ ತಂಡ ಇರುವುದು ಕ್ಷೇಮವಲ್ಲ ಎಂದು. ನೆಂಟಸ್ತಿಕೆಯನ್ನು ಮರೆಮಾಚಿಲ್ಲ, ತಂಗಿಯ ಮಗಳು ಎಂದೇ ಬರೆದಿದ್ದೇನೆ.

ಇನ್ನೊಮ್ಮೆ ಕೇಳುತ್ತೇನೆ. ಬಾಗಿಲಲ್ಲಿ ನಿಲ್ಲಿ ಎಂದವರು ಯಾರು?

*

ಜುಲೈ 11

ನಿವೃತ್ತ ಅಧಿಕಾರಿಯವರಿಗೆ,

ಮುಖ್ಯಾಧಿಕಾರಿಗಳು ನನ್ನನ್ನು ಕರೆಸಿದರು. ಕೂರಲು ಹೇಳಲಿಲ್ಲ. ಮೇಜಿನ ಮೇಲೆ ನಿಮ್ಮ ಕಾಗದ ಇತ್ತು, ನಿಮ್ಮ ಆ ದುಂಡು ಅಕ್ಷರ. ಅಷ್ಟು ದೂರದಿಂದಲೇ ಗುರುತು ಸಿಕ್ಕಿತು. ಆಟದ ಪೆಟ್ಟಿಗೆಯನ್ನು ಬೀಗ ಹಾಕಿ ಇಡಬೇಕಂತೆ. ವಿಚಾರಣೆ ಮುಗಿಯುವವರೆಗೆ ನಾನು ಗಾಡಿ ಹತ್ತುವ ಹಾಗಿಲ್ಲ. ಠಾಣೆಯಲ್ಲಿ ಕೂತು ಪೈಪುಗಳ ಪಟ್ಟಿ ಮಾಡುತ್ತಿದ್ದೇನೆ. ಗಂಟೆ ಬಾರಿಸಿದಾಗ ಹುಡುಗರು ನನ್ನ ಕಿಟಕಿಯ ಮುಂದೆಯೇ ಓಡುತ್ತಾರೆ. ಯಾರೂ ಈ ಕಡೆ ನೋಡುವುದಿಲ್ಲ.

ನಾನು ಚಿಕ್ಕವಳಿದ್ದಾಗಿನಿಂದ ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದೇನೆ. ಇನ್ನು ನುಂಗುವುದಿಲ್ಲ.

ನಿಮ್ಮ ತಂಡದಲ್ಲೇ ಇದ್ದು ಬೆಂಕಿಗೆ ಬಲಿಯಾದ ಅಪ್ಪ ಯಾರ ಅಪ್ಪಣೆಗೂ ಕಾಯಲಿಲ್ಲ. ಆಗ ನಾನು ಎಂಟು ವರ್ಷದವಳು. ಶಾಲೆಯಲ್ಲಿ ಅಪ್ಪನ ಪದಕ ತೋರಿಸಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು, ಚಪ್ಪಾಳೆ ಹೊಡೆದಿದ್ದರು. ವರದಿಯಲ್ಲಿ ನಿಮ್ಮದೇ ಸಾಲಿದೆ, ನನಗೆ ಬಾಯಿಪಾಠ: "ಯಾರೂ ಹೇಳದೆಯೇ, ಜೀವದ ಹಂಗು ತೊರೆದು, ಮೇಲಿನ ಮಹಡಿಗೆ ನುಗ್ಗಿದರು." ಅಪ್ಪ ಒಳಗೆ ಹೋದ. ತಂಡದ ನಾಯಕರು ನೀವು, ಅವನ ಹೆಂಡತಿಯ ಅಣ್ಣ, ಬೀದಿಯಲ್ಲಿ ನಿಂತಿದ್ದಿರಿ. ಆಮೇಲೆ ಹನ್ನೆರಡು ವರ್ಷ ಕೂತು, ಎಲ್ಲರಿಗೂ ನಿಮ್ಮ ಹಾಗೆ ಬೀದಿಯಲ್ಲಿ ನಿಲ್ಲುವುದನ್ನು ಕಲಿಸುವ ಒಂದು ಆಟ ಬರೆದಿರಿ. ಅಪ್ಪನಂಥವನು ಆ ಮೇಜಿಗೆ ಕೂತರೆ ಅವನಿಗೆ ನೀವು ಕೊಡುವುದು ಏನು? ಸೊನ್ನೆ.

ನನ್ನನ್ನು ಗಾಡಿಯಿಂದ ಇಳಿಸಿದಿರಿ. ಖುಷಿಯಾಗಿರಬೇಕು.

*

ಜುಲೈ 16

ಕಾಗದ ಬಂತು. ಇನ್ನು ಬರೆಯಬೇಡ.

*

ಆಗಸ್ಟ್ 27

ಮಾವನಿಗೆ,

ಬರೆಯಬೇಡ ಎಂದಿದ್ದೀರಿ. ಇದು ಸಮಿತಿಗೆ ಹೇಳಿದ್ದು, ನಿಮಗೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಬೇರೆಯವರಿಂದ ಕೇಳಿ ನೀವು ಗೆದ್ದೆ ಎಂದುಕೊಳ್ಳುವುದು ನನಗೆ ಇಷ್ಟವಿಲ್ಲ.

ಬಾಗಿಲಲ್ಲಿ ನಿಲ್ಲಿ ಎಂದವಳು ನಾನು.

ಉದ್ದಣ್ಣ ಸೊನ್ನೆಯ ಮಾತು ಆಡಲೇ ಇಲ್ಲ. ಅವನು ಅಂದದ್ದು "ಮೇಡಂ, ಹೋಗ್ಲಾ?" ಎಂದು. ಮುಖವಾಡ ಹಾಕಿಕೊಂಡು ತಯಾರಾಗಿದ್ದ. ನಾನು ಕೈ ಅಡ್ಡ ಹಿಡಿದೆ. ಗೋದಾಮಿನ ಮಾಲೀಕ ಒಳಗೆ ಯಾರೂ ಇಲ್ಲ ಎಂದಿದ್ದ. ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಮರ ಸಿಡಿಯುತ್ತಿದೆ ಎಂದುಕೊಂಡೆ. ಇಲ್ಲ, ಸರಿಯಾಗಿ ಹೇಳುತ್ತೇನೆ: ಮರ ಸಿಡಿಯುತ್ತಿದೆ ಎಂದುಕೊಳ್ಳಲು ತೀರ್ಮಾನಿಸಿದೆ. ಉದ್ದಣ್ಣನ ಹೆಂಡತಿಗೆ ಏಳು ತಿಂಗಳು. ಆ ವಾರವೇ ಸ್ಕ್ಯಾನಿನ ಚಿತ್ರ ತಂದು ಎಲ್ಲರಿಗೂ ತೋರಿಸಿದ್ದ. ಅದು ನನ್ನ ತಲೆಯಲ್ಲಿತ್ತು. ಸೊನ್ನೆಯ ನಿಯಮವೂ ಇತ್ತೋ ಇಲ್ಲವೋ ನಿಜವಾಗಿ ಗೊತ್ತಿಲ್ಲ. ತಪ್ಪನ್ನು ಸೊನ್ನೆಯ ಮೇಲೆ ಹಾಕಿದರೆ ಹಗುರಾಗುತ್ತದೆ ಎನ್ನುವುದು ಮಾತ್ರ ಆಮೇಲೆ ಹೊಳೆಯಿತು. ಉದ್ದಣ್ಣನ ಬಾಯಿಗೆ ಆ ಮಾತು ಇಟ್ಟದ್ದು ನಾನು. ಅವನಿಗೆ ಅದನ್ನು ಹೇಳಿದಾಗ ಅವನು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ "ಮೇಡಂ, ಪೈಪಿನ ಪಟ್ಟಿಗೆ ಸಹಿ ಹಾಕಿ" ಅಂದ.

ಮೆತ್ತೆ ಹೊಲಿಯುವವನ ಅಕ್ಕ ಸಮಿತಿಯ ಮುಂದೆ ಬಂದಿದ್ದಳು. ನಾನು ಹೇಳಿಕೆ ಕೊಡುವಾಗ ನನ್ನನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಹತ್ತಿರ ಬಂದು, "ತಟ್ಟಿದ್ನಾ ಅವ್ನು? ಕೇಳಿಸ್ತಾ ನಿಮ್ಗೆ?" ಅಂದಳು. ಕೇಳಿಸಿತು ಎಂದೆ. ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ತೀರ್ಪು ಬಂದಿದೆ. ಠಾಣೆಯನ್ನು ನನ್ನ ಕೈಯಿಂದ ತೆಗೆದುಕೊಂಡರು, ತರಬೇತಿ ಶಾಲೆಗೆ ಹಾಕಿದ್ದಾರೆ.

ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೂ ಹೇಳುತ್ತೇನೆ, ಆ ನಿಯಮ ತಪ್ಪು. ನಾನು ಸುಳ್ಳು ಹೇಳಿದೆ ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ. ನೀವು ಗುಂಡಿಗೆ ಬಾಯಿ ಕೊಟ್ಟಿದ್ದರೆ, ಎರಡು ವರ್ಷ ಪ್ರತಿ ಮಂಗಳವಾರ ಮೇಜು ತಟ್ಟುವ ಸದ್ದು ಕೇಳಿದ್ದರೆ, ಆ ಟಕ್ ಟಕ್ ಮರದ್ದು ಎಂದು ನನಗೆ ನಾನೇ ಹೇಳಿಕೊಳ್ಳಲು ಆಗುತ್ತಿರಲಿಲ್ಲ.

ಸೊಸೆ

*

ಸೆಪ್ಟೆಂಬರ್ 19

ಗುಬ್ಬೀ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಐದನೆಯದು ಹೇಗೇ ಇರಲಿ ಅಂಚೆಗೆ ಹಾಕುತ್ತೇನೆ.

ನೀನು ಬಾಯಿಪಾಠ ಮಾಡಿರುವ ಸಾಲು ಸುಳ್ಳು. ಬರೆದವನು ನಾನು, ಆದ್ದರಿಂದ ಗೊತ್ತು.

ಅದು ಹಳೆಯ ಮೂರಂತಸ್ತಿನ ಮನೆ, ಮರದ ಮೆಟ್ಟಿಲು. ಬೀದಿಯಲ್ಲಿ ಒಬ್ಬಳು ಹೆಂಗಸು ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು: "ನಮ್ಮತ್ತೆ ಮೇಲಿದ್ದಾರೆ, ನಮ್ಮತ್ತೆ ಮೇಲಿದ್ದಾರೆ." ನಿಮ್ಮಪ್ಪ ಮೊದಲ ಮೆಟ್ಟಿಲಿಗೆ ಕಾಲಿಟ್ಟು ನೋಡಿ ವಾಪಸು ಬಂದ. "ಮೆಟ್ಟಿಲು ಸರಿಯಿಲ್ಲ ಭಾವ. ಏಣಿ ಬರ್ಲಿ, ಎರಡು ನಿಮಿಷ" ಅಂದ. ಏಣಿಯ ಗಾಡಿ ಬೀದಿಯ ತಿರುವಿನಲ್ಲಿ ಕಾಣುತ್ತಿತ್ತು. ಸುತ್ತ ನೂರಾರು ಜನ ನನ್ನನ್ನೇ ನೋಡುತ್ತಿದ್ದರು. ನಾನು, "ಹೆದರಿಕೇನಾ? ಹೋಗು" ಅಂದೆ. ಅವನು ನನ್ನ ಮುಖ ನೋಡಿದ. ಹೋದ. ಅವನಲ್ಲಿ ಇನ್ನೂ ಬೇಕಾದಷ್ಟು ಉಸಿರಿತ್ತು. ಎರಡನೆಯ ಮಹಡಿಯ ಮೆಟ್ಟಿಲು ಅವನ ಜೊತೆಗೇ ಕುಸಿಯಿತು.

ಆ ಅತ್ತೆ ಮೂರು ಮನೆ ಆಚೆ ಯಾರದೋ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದಳು. ಸದ್ದು ಕೇಳಿ ಏನಾಯಿತೆಂದು ನೋಡಲು ಬಂದಳು.

ತಾನಾಗಿಯೇ ಹೋದ ಎಂದು ಬರೆದರೆ ಪದಕ ಬರುತ್ತದೆ, ನಿಮ್ಮಮ್ಮನಿಗೆ ಹೆಮ್ಮೆಯಾದರೂ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನನ್ನು ಉಳಿಸಿಕೊಳ್ಳಲು ಬರೆದೆ. ತಂಡದಲ್ಲಿದ್ದ ಇನ್ನಿಬ್ಬರೂ ಈಗ ಇಲ್ಲ.

ಎಲ್ಲರಿಗೂ ಬೀದಿಯಲ್ಲಿ ನಿಲ್ಲುವುದನ್ನು ಕಲಿಸಿದೆ ಎಂದೆ. ಆ ನಿಯಮ ಎಲ್ಲರಿಗಾಗಿ ಬರೆದದ್ದಲ್ಲ. ಬೀದಿಯಲ್ಲಿ ನಿಂತು ಹೋಗು ಎನ್ನುವವನಿಗಾಗಿ ಬರೆದದ್ದು. ನೂರು ಜನ ನೋಡುತ್ತಿದ್ದರೂ ಬಾಯಿ ಮುಚ್ಚಿಕೊಂಡಿರಲಿ ಎಂದು. ಒಳಗೆ ಹೋಗುವವನು ಹೆದರಲಿ ಎಂದು ನಾನು ಯಾವತ್ತೂ ಬಯಸಿರಲಿಲ್ಲ. ಆದರೆ ಪುಸ್ತಕದಲ್ಲಿ ಅದನ್ನು ಹಾಗೆ ಬರೆದಿಲ್ಲ. ಹಾಗೆ ಬರೆದರೆ ಯಾಕೆ ಎಂದು ಯಾರಾದರೂ ಕೇಳುತ್ತಿದ್ದರು.

ಕ್ಷಮಿಸು ಎಂದು ಕೇಳುವುದಿಲ್ಲ. ಮುಖ್ಯಾಧಿಕಾರಿಗಳಿಗೆ ಬರೆದ ಕಾಗದಕ್ಕೂ ಕೇಳುವುದಿಲ್ಲ. ನೀನು ಅಪ್ಪಣೆಯನ್ನು ಮುಚ್ಚಿಡುತ್ತಿದ್ದೀಯ ಎಂದು ನಿನ್ನ ಮೊದಲ ಕಾಗದದಲ್ಲೇ ಗೊತ್ತಾಯಿತು. ಆ ತರಹದ ಕಾಗದ ಹೇಗಿರುತ್ತದೆ ಎಂದು ನನ್ನಷ್ಟು ಗೊತ್ತಿರುವವರು ಇಲ್ಲ.

ಮಾವ

*

ಅಕ್ಟೋಬರ್ 14

ಮಾವ,

ನಿಮ್ಮ ಕಾಗದ ಬಂದ ದಿನ ಏನೂ ಮಾಡಲಿಲ್ಲ. ಮರುದಿನ ತರಬೇತಿ ಶಾಲೆಯಲ್ಲಿ ಚೌಕದ ಕಾಗದ ತೆಗೆದು ಆ ಮೂರಂತಸ್ತಿನ ಮನೆ ಬರೆದೆ. ಹಳೆಯ ವರದಿಯಲ್ಲಿ ಅಳತೆ ಇತ್ತು. ನಿಮ್ಮನ್ನು ತಪ್ಪಿತಸ್ಥ ಎಂದು ಸಾಬೀತು ಮಾಡಬೇಕು ಅಂತಲೇ ಬರೆದೆ, ಸುಳ್ಳು ಯಾಕೆ ಹೇಳಲಿ. ನೂರು ಸಲ ಆಡಿಸಿದರೂ ಯಾವ ನಾಯಕನೂ ಕಳಿಸುವುದಿಲ್ಲ, ಆ ಪಟ್ಟಿಯನ್ನು ನಿಮಗೆ ಕಳಿಸಬೇಕು ಎಂದು.

ನನ್ನ ನಿಯಮಗಳಲ್ಲೇ ಆಡಿಸಿದೆ. ಬೀದಿಯಲ್ಲಿ ಕೂಗುವ ಹೆಂಗಸಿನ ಪಾತ್ರ ಒಬ್ಬರಿಗೆ, ಮೆಟ್ಟಿಲು ನೋಡಿ ವಾಪಸು ಬರುವವನ ಪಾತ್ರ ಒಬ್ಬರಿಗೆ, ನಾಯಕ ಒಬ್ಬರು. ಅದು ಯಾರ ಕಥೆ ಎಂದು ಯಾರಿಗೂ ಹೇಳಲಿಲ್ಲ. ಎಂಟು ತಂಡಗಳು ಆಡಿದವು. ಆರು ನಾಯಕರು ಕಳಿಸಿದರು.

ಧ್ವನಿಯ ಕಡೆಗೆ ಓಡುತ್ತಾರೆ ಎಂದು ನೀವು ಬರೆದದ್ದು ಸರಿ. ಒಪ್ಪಿಕೊಳ್ಳಲು ಇಷ್ಟವಿಲ್ಲ, ಒಪ್ಪಿಕೊಂಡೆ. ಒಳಗಿನವನಿಗೆ ಬಾಯಿ ಕೊಟ್ಟೆ, ಕಿವಿಗೆ ನಿಯಮ ಬರೆಯಲಿಲ್ಲ. ಈಗ ಬರೆದಿದ್ದೇನೆ: ಒಳಗೆ ಹೋಗುವ ಮೊದಲು ಹತ್ತು ಎಣಿಸುವಷ್ಟು ಹೊತ್ತು ಮೇಜಿನಲ್ಲಿ ಎಲ್ಲರೂ ಸುಮ್ಮನಿರಬೇಕು, ಹೊರಗೆ ಕೂಗುವವರೂ ಸೇರಿ. ಆ ಹತ್ತರಲ್ಲಿ ಕೇಳಿಸಿದ್ದರ ಮೇಲೆ ಮಾತ್ರ ತೀರ್ಮಾನ. ಇದರಲ್ಲಿ ಮತ್ತೆ ನಾಲ್ಕು ತಂಡ ಆಡಿದವು. ಒಬ್ಬನೇ ಕಳಿಸಿದ.

ಇದಾದ ಮೇಲೆ ಮೇಷ್ಟ್ರು ನನ್ನನ್ನು ನೋಡಲು ಬಂದಿದ್ದರು. ಅವರನ್ನು ನಿರೂಪಕರಾಗಿ ಕೂರಿಸಿ, ಹತ್ತು ಎಣಿಸುವ ನಿಯಮವಿಲ್ಲದ ಹಳೆಯ ಹಾಳೆಯಲ್ಲೇ, ನಾನು ನಾಯಕಿಯಾದೆ. ಎಲ್ಲ ಗೊತ್ತಿದ್ದವಳು. ಆಗ ತಾನೇ ಸೇರಿದ ಒಬ್ಬಳು ಹುಡುಗಿ ಬೀದಿಯಲ್ಲಿ ಕೂಗುವ ಹೆಂಗಸಾಗಿದ್ದಳು, ನಿಜವಾಗಿಯೂ ನನ್ನ ತೋಳು ಹಿಡಿದುಕೊಂಡಳು. ಗಟ್ಟಿಯಾಗಿ. ಅತ್ತೆ ಮೇಲಿಲ್ಲ ಎಂದು ನನಗೆ ಗೊತ್ತು. ಆದರೂ ಹೋಗು ಎನ್ನುವ ಮಾತು ಗಂಟಲಿನವರೆಗೂ ಬಂತು ಮಾವ. ನುಂಗಲು ಎಷ್ಟು ಹೊತ್ತು ಬೇಕಾಯಿತೆಂದರೆ, ಮೇಷ್ಟ್ರು ಎರಡು ಸಲ "ಮೇಡಂ, ನಿಮ್ಮ ಸರದಿ" ಅಂದರು.

ಇದರಿಂದ ನಿಮಗೆ ಮಾಫಿ ಸಿಕ್ಕಿತು ಎಂದುಕೊಳ್ಳಬೇಡಿ. ಎಂಟರಲ್ಲಿ ಇಬ್ಬರು ಕಳಿಸಲಿಲ್ಲ. ಅಲ್ಲದೆ ಆರು ಜನರಲ್ಲಿ ಒಬ್ಬರೂ "ಹೆದರಿಕೇನಾ" ಎನ್ನಲಿಲ್ಲ.

ಎರಡು ಕೆಲಸ ಇವೆ. ಬಿದ್ದ ಮೇಲೆ ಏನು ಎಂದು ನಿಮ್ಮ ಪುಸ್ತಕದಲ್ಲಿಲ್ಲ. ಸೊನ್ನೆ ಬರೆದು ನಿಲ್ಲಿಸಿದ್ದೀರಿ. ನನ್ನ ಹಾಳೆಯಲ್ಲೂ ಇಲ್ಲ. ಆ ಪುಟ ನೀವೇ ಬರೆದು ಕಳಿಸಿ. ಎರಡನೆಯದು, ಅಮ್ಮನಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿಮ್ಮ ಕೆಲಸ. ಗುರುವಾರ ಕನ್ನಡಕದ ಅಂಗಡಿಗೆ ರಜೆ, ಇಡೀ ದಿನ ಮನೆಯಲ್ಲಿರುತ್ತಾಳೆ. ನಾನು ಇರುವುದಿಲ್ಲ. ನನ್ನ ಮುಂದೆ ಹೇಳಿದರೆ ನೀವು ನನ್ನ ಮುಖ ನೋಡಿಕೊಂಡು ಹೇಳುತ್ತೀರಿ.

ಈ ತಿಂಗಳೊಳಗೆ ಬರದಿದ್ದರೆ ನಿಮ್ಮ ಕಾಗದವನ್ನು ಅವಳ ಕೈಗೆ ಕೊಡುತ್ತೇನೆ.

*

ಅಕ್ಟೋಬರ್ 30

ಗುಬ್ಬೀ,

ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಬಸ್ಸು ನಾಲ್ಕು ಗಂಟೆಗೆ. ಅಕ್ಷರ ಓರೆಯಾದರೆ ಬೆಂಚಿನದು ತಪ್ಪು.

ನೀನು ಕೇಳಿದ ಪುಟ ಒಂದು ಪುಟ ಆಗಲಿಲ್ಲ. ಇಷ್ಟೇ: "ಒಬ್ಬ ಬಿದ್ದರೆ ಆಟ ಮುಗಿಯುವುದಿಲ್ಲ. ನಾಯಕನ ಪಾತ್ರ ವಹಿಸಿದವರು ಎದ್ದು ನಿಂತು, ನಾನು ಯಾವ ಮಾತು ಹೇಳಿ ಕಳಿಸಿದೆ ಅಥವಾ ತಡೆದೆ ಎಂಬುದನ್ನು ಆ ಮಾತಿನಲ್ಲೇ ಹೇಳಬೇಕು. ಇದಕ್ಕೆ ದಾಳವಿಲ್ಲ." ಬೇಕಾದರೆ ತಿದ್ದು.

ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಮನೆಗೆ ಹೋದೆ. ನಿಮ್ಮಮ್ಮ ಕಿಟಕಿಯ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದಳು. "ಏನಣ್ಣ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ" ಅಂದಳು, ಕಾಫಿಗೆ ಏಳಲು ಹೋದಳು. ಕೂತ್ಕೋ ಎಂದೆ. ನಿನಗೆ ಬರೆದ ಹಾಗೆಯೇ ಹೇಳಿದೆ, ಹೆಚ್ಚು ಕಡಿಮೆ ಮಾಡಲಿಲ್ಲ. "ಹೆದರಿಕೇನಾ" ಎಂದದ್ದನ್ನೂ ಹೇಳಿದೆ. ಅವಳು ಮೊರವನ್ನು ಕೈಯಿಂದ ಕೆಳಗಿಡಲಿಲ್ಲ, ಅಕ್ಕಿಯ ಮೇಲೆ ಬೆರಳು ಆಡಿಸುತ್ತಲೇ ಇದ್ದಳು. ಬೈಯುತ್ತಾಳೆ ಎಂದು ಕಾಯುತ್ತಿದ್ದೆ. ಬೈಗುಳಕ್ಕೆ ಇಪ್ಪತ್ತಮೂರು ವರ್ಷದಿಂದ ತಯಾರಾಗಿದ್ದೆ.

ಅವಳು ಕೇಳಿದ್ದು ಬೇರೆ. "ಅವ್ರು ಹೋಗಲ್ಲ ಅಂದ್ರಾ?"

"ಮೆಟ್ಟಿಲು ಸರಿಯಿಲ್ಲ, ಏಣಿ ಬರ್ಲಿ ಅಂದ" ಎಂದೆ.

"ಹಾಗೇ ಅಂದ್ರಾ? ಅದೇ ಮಾತು?"

"ಅದೇ ಮಾತು."

ಒಂದು ಕಲ್ಲು ಆರಿಸಿ ಕಿಟಕಿಯಾಚೆ ಎಸೆದಳು. ಆಮೇಲೆ, ಜಗಳದ ಧ್ವನಿಯೇ ಇಲ್ಲದೆ, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ ಹೇಳಿದಳು: "ಯಾರೂ ಹೇಳ್ದೆ ಇದ್ರೂ ಹೋದ್ರು ಅಂತ ಬರ್ದಿದ್ದೆ ನೀನು. ನಾನು ಅದನ್ನ ಓದಿದ್ದು ಹೇಗೆ ಗೊತ್ತಾ? ಮನೇಲಿ ನಾನಿದೀನಿ, ಮಗು ಇದೆ, ಯಾರೂ ಕೇಳ್ದೆ ಇದ್ರೂ ನಮ್ಮನ್ನ ಬಿಟ್ಟು ಹೋದ್ರು ಅಂತ. ನಿನ್ನ ಮೇಲೆ ಯಾವತ್ತೂ ಸಿಟ್ಟಿರ್ಲಿಲ್ಲ ಅಣ್ಣ. ಇಷ್ಟು ವರ್ಷ ನಾನು ಸಿಟ್ಟು ಮಾಡ್ಕೊಂಡಿದ್ದು ಅವರ ಮೇಲೆ."

ನೆಲಕ್ಕೆ ಬಿದ್ದಿದ್ದ ನಾಲ್ಕು ಅಕ್ಕಿ ಕಾಳು ಆಯ್ದು ಮೊರಕ್ಕೆ ಹಾಕಿದೆ.

ಅವಳು ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಬೀಗ ತೆಗೆದ ಸದ್ದಾಯಿತು. ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಫೋಟೋ ತಂದಳು. ನಿಮ್ಮ ಮನೆಯ ಗೋಡೆಯ ಮೇಲೆ ಅವನ ಚಿತ್ರ ಯಾಕಿಲ್ಲ ಎಂದು ನಾನು ಇಷ್ಟು ವರ್ಷ ಬಂದು ಹೋಗುವಾಗ ಒಂದು ದಿನವೂ ಯೋಚಿಸಿರಲಿಲ್ಲ. ಗಾಜಿನ ಧೂಳನ್ನು ಸೆರಗಿನಿಂದ ಒರೆಸಿ, ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಕಿಟಕಿಯ ಕಟ್ಟೆಯ ಮೇಲೆ ಒರಗಿಸಿ ಇಟ್ಟಳು. ಸಮವಸ್ತ್ರದಲ್ಲಿ ಎಷ್ಟು ಚಿಕ್ಕವನಾಗಿ ಕಾಣುತ್ತಾನೆ.

"ಈಗ ನೀನು ಹೊರಡು" ಅಂದಳು. "ನಾನು ಅವರ ಹತ್ರ ಸ್ವಲ್ಪ ಮಾತಾಡ್ಬೇಕು."

ಚಪ್ಪಲಿ ಹಾಕಿಕೊಂಡು ಬಂದೆ. ಬಾಗಿಲು ಮುಂದಕ್ಕೆ ಎಳೆದು ಬಂದಿದ್ದೇನೆ. ಇವತ್ತು ನೀನು ಮನೆಗೆ ಸ್ವಲ್ಪ ತಡವಾಗಿ ಹೋಗು.

ಮಾವ